ನಡುರಾತ್ರಿಯ ಓಟಕ್ಕೆ ನಿಂತವರು

ರಾತ್ರಿ ಒಂಬತ್ತು ದಾಟಿದರೂ ವೈಟ್‌ಫೀಲ್ಡಿನ ಇಪಿಐಪಿ ಪ್ರದೇಶಕ್ಕೆ ನಿದ್ದೆಯಿಲ್ಲ. ವೈದೇಹಿ ಆಸ್ಪತ್ರೆಯ ಮುಂದೆ ಆಟೊಗಳ ಸಾಲು. ಐಟಿಪಿಎಲ್ ಟೆಕ್ ಪಾರ್ಕಿನ ಕಡೆಯಿಂದ ಶಿಫ್ಟ್ ಮುಗಿಸಿದವರನ್ನು ತುಂಬಿಕೊಂಡು ಬರುವ ಕ್ಯಾಬುಗಳು. ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಎಗ್‌ರೈಸ್ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತವರು. ಮ್ಯಾರಥಾನ್ ಇರುವ ರಾತ್ರಿ ಈ ಸಂದಣಿಯ ನಡುವೆಯೇ ಕೆಟಿಪಿಒ ವಸ್ತುಪ್ರದರ್ಶನ ಆವರಣದ ಕಡೆಗೆ ಇನ್ನೊಂದು ಜನಪ್ರವಾಹ ಹೊರಡುತ್ತದೆ. ಎದೆಯ ಮೇಲೆ ನಂಬರಿನ ಬಿಬ್ ಚುಚ್ಚಿಕೊಂಡವರು, ನಡೆಯುತ್ತಲೇ ಕಾಲು ಸಡಿಲಿಸಿಕೊಳ್ಳುವವರು, ಅಪ್ಪನ ಓಟ ನೋಡಲು ಎಚ್ಚರವಾಗಿರುವ ಮಕ್ಕಳು. ಇವರೆಲ್ಲರಿಗಿಂತ ಎಷ್ಟೋ ಹೊತ್ತು ಮೊದಲೇ ಬಂದು, ಎಲ್ಲರೂ ಹೋದ ಮೇಲೆ ಹೊರಡುವವರು ಒಂದೇ ಬಣ್ಣದ ಟೀ ಶರ್ಟಿನ ವಾಲಂಟಿಯರುಗಳು.

ಈ ನೋಟವನ್ನು ವೈಟ್‌ಫೀಲ್ಡಿಗೆ ಕೊಟ್ಟದ್ದು ಬೆಂಗಳೂರು ಮಿಡ್‌ನೈಟ್ ಮ್ಯಾರಥಾನ್. ರೋಟರಿ ಬೆಂಗಳೂರು ಐಟಿ ಕಾರಿಡಾರ್ 2007ರಲ್ಲಿ ಶುರು ಮಾಡಿದ ಓಟ ಅದು. 42.195 ಕಿ.ಮೀ.ಗಳ ಪೂರ್ಣ ಮ್ಯಾರಥಾನ್, ಅದರರ್ಧದ ಓಟ, 10 ಕಿ.ಮೀ., ಕಂಪನಿಗಳ ತಂಡಗಳಿಗೆಂದೇ ರಿಲೇ. ಕೂಡಿದ ಹಣ ಸಮಾಜಸೇವೆಯ ಕೆಲಸಗಳಿಗೆ. ಮರುವರ್ಷ, 2008ರ ಮೇ ತಿಂಗಳಲ್ಲಿ, ನಗರದ ನಡುವೆ ವರ್ಲ್ಡ್ 10ಕೆ ಆರಂಭವಾಯಿತು. ಓಡುವ ಚಟ ಊರಿಗೆ ಹತ್ತಿತು. ಓಡುವವರ ಜೊತೆಗೆ, ಓಡುವವರಿಗಾಗಿ ನಿಲ್ಲುವವರ ಒಂದು ಬಳಗವೂ ಬೆಳೆಯಿತು.

ಅಂಥ ಯಾವುದೇ ಓಟದ ವಾಲಂಟಿಯರ್ ಕೌಂಟರಿನ ಮುಂದೆ ಅರ್ಧ ಗಂಟೆ ನಿಂತು ನೋಡಬೇಕು. ಮೇಜಿನ ಮೇಲೆ ಟ್ಯಾಬು, ಪಕ್ಕದಲ್ಲಿ ಪ್ರಿಂಟು ತೆಗೆದ ಹಾಳೆಗಳ ಕಟ್ಟು, ಅದರ ಮೇಲೆ ಗಾಳಿಗೆ ಹಾರದಂತೆ ನೀರಿನ ಬಾಟಲಿ. ಬಂದವರು ಮೊಬೈಲಿನ ಕ್ಯೂಆರ್ ಕೋಡ್ ತೋರಿಸುತ್ತಾರೆ, ಟ್ಯಾಬು ಕುಯ್ ಎನ್ನುತ್ತದೆ, ಪರದೆಯಲ್ಲಿ ಹೆಸರಿನ ಮುಂದಿನ ಚೌಕ ಹಸಿರಾಗುತ್ತದೆ. ‘ನಿಮ್ದು ಮೂರನೇ ವಾಟರ್ ಪಾಯಿಂಟು ಮೇಡಂ. ಕ್ಯಾಪ್ಟನ್ ಅಲ್ಲೇ ಇದಾರೆ, ಈ ವ್ಯಾನಲ್ಲಿ ಹತ್ಕೊಳ್ಳಿ.’ ಟೀ ಶರ್ಟು, ಟೋಪಿ, ತಿಂಡಿಯ ಪೊಟ್ಟಣ ಕೈಗೆ ಬರುತ್ತವೆ. ಮುಂದಿನವರು. ಮತ್ತೆ ಕುಯ್.

ನಮ್ಮ ಊರುಗಳ ತೇರಿಗೆ ಇಂಥ ಪಟ್ಟಿ ಯಾವತ್ತೂ ಬೇಕಾಗಲಿಲ್ಲ. ಹಗ್ಗ ಹಿಡಿಯುವ ಮನೆಯವರು ಯಾರು, ಗಾಲಿಗೆ ಮರದ ತುಂಡು ಕೊಡುವವರು ಯಾರು, ಪಾನಕ ಹಂಚುವ ಬೀದಿ ಯಾವುದು ಎಂಬುದೆಲ್ಲ ತಲೆಮಾರುಗಳಿಂದ ಗೊತ್ತು. ಯಾರಾದರೂ ಬಾರದಿದ್ದರೆ ಅವರ ತಮ್ಮ ಬರುತ್ತಾನೆ. ವೈಟ್‌ಫೀಲ್ಡಿನಲ್ಲಿ ಓಟಕ್ಕೆ ನಿಲ್ಲಲು ಬಂದವರೋ ಒಬ್ಬರಿಗೊಬ್ಬರು ಅಪರಿಚಿತರು. ಒಬ್ಬ ಕಾಲೇಜು ಹುಡುಗ, ಒಬ್ಬಳು ಟೆಸ್ಟಿಂಗ್ ಎಂಜಿನಿಯರ್, ನಿವೃತ್ತರಾದ ಒಬ್ಬ ಬ್ಯಾಂಕ್ ಉದ್ಯೋಗಿ, ಅಪಾರ್ಟ್‌ಮೆಂಟಿನ ಐದಾರು ಗೆಳತಿಯರು. ಇವರಲ್ಲಿ ಯಾರು ಎಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಲ್ಲಬೇಕೆಂಬ ತಿಳಿವಳಿಕೆಯನ್ನು ಬೇರೆ ಎಲ್ಲಾದರೂ ಇಟ್ಟುಕೊಳ್ಳಲೇಬೇಕು. ಮೊದಮೊದಲು ಎಕ್ಸೆಲ್ ಶೀಟು, ಆಮೇಲೆ ವಾಟ್ಸ್‌ಆ್ಯಪ್ ಗುಂಪುಗಳು, ಈಗ ಅದಕ್ಕೆಂದೇ ಇರುವ ತಂತ್ರಾಂಶಗಳು.

ಅವು ಮಾಡುವ ಕೆಲಸ ಸರಳ, ಆದರೆ ಬಗೆ ಬಹಳ. ಅರ್ಜಿಯಲ್ಲಿ ವಯಸ್ಸು, ಟೀ ಶರ್ಟಿನ ಅಳತೆ, ಮನೆಯಿರುವ ಬಡಾವಣೆ, ಪ್ರಥಮ ಚಿಕಿತ್ಸೆ ಬರುತ್ತದೆಯೇ ಎಂಬುದನ್ನು ಕೇಳಿಕೊಳ್ಳುತ್ತವೆ. ಬಿಬ್ ಹಂಚುವ ಕೌಂಟರು, ಬ್ಯಾಗು ಇಡುವ ಜಾಗ, ಅಡ್ಡರಸ್ತೆ, ನೀರಿನ ಮೇಜು, ಮೆಡಲ್ ತೊಡಿಸುವ ಗೆರೆ ಎಂದು ಕೆಲಸಗಳನ್ನು ಬಿಡಿಸಿ, ಒಬ್ಬೊಬ್ಬರಿಗೆ ಒಂದೊಂದು ಪಾಳಿ ಹಚ್ಚುತ್ತವೆ. ಒಬ್ಬರನ್ನೇ ಒಂದೇ ಹೊತ್ತಿಗೆ ಎರಡು ಕಡೆ ಹಾಕಿದ್ದರೆ ಎಚ್ಚರಿಸುತ್ತವೆ. ಹಿಂದಿನ ದಿನ ನೆನಪಿನ ಸಂದೇಶ ಕಳಿಸುತ್ತವೆ, ಮುಗಿದ ಮೇಲೆ ಪ್ರಮಾಣಪತ್ರವನ್ನೂ. ದೊಡ್ಡ ಕೂಟಗಳಲ್ಲಿ ಇದಿಲ್ಲದೆ ಹೆಜ್ಜೆ ಇಡಲಾಗದು. 2012ರ ಲಂಡನ್ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಕೂಟಗಳಿಗೆ ಸುಮಾರು 70,000 ಸ್ವಯಂಸೇವಕರು ನಿಂತಿದ್ದರು, 2024ರ ಪ್ಯಾರಿಸ್‌ಗೆ ಸುಮಾರು 45,000. ಅಷ್ಟು ಹೆಸರುಗಳನ್ನು ಯಾವ ಮನುಷ್ಯನ ನೆನಪೂ ಹಿಡಿದಿಡದು.

ಆದರೆ ಇದರ ದೊಡ್ಡ ಉಪಯೋಗ ತಿಳಿಯುವುದು ಓಟದ ರಾತ್ರಿಯೇ. ಪುಕ್ಕಟೆ ದುಡಿಯಲು ಒಪ್ಪಿದವರಲ್ಲಿ ಕೆಲವರು ಬರುವುದಿಲ್ಲ. ಮಗುವಿಗೆ ಜ್ವರ ಬಂದಿರುತ್ತದೆ, ಆಫೀಸಿನಲ್ಲಿ ಸರ್ವರ್ ಕೆಟ್ಟಿರುತ್ತದೆ, ಕೆಲವರಿಗೆ ಸುಮ್ಮನೆ ನಿದ್ದೆ ಬಂದಿರುತ್ತದೆ. ಹಾಳೆಯ ಪಟ್ಟಿಯಲ್ಲಿ ಬಂದವರೂ ಬಾರದವರೂ ಒಂದೇ ಶಾಯಿಯಲ್ಲಿರುತ್ತಾರೆ. ಪರದೆಯಲ್ಲಿ ಮಾತ್ರ ಹಸಿರಿನ ನಡುವೆ ಕೆಂಪು ಚೌಕ ಎದ್ದು ಕಾಣುತ್ತದೆ: ಈ ತಿರುವಿನಲ್ಲಿ ಈಗ ಯಾರೂ ಇಲ್ಲ. ವಾಲಂಟಿಯರುಗಳ ಸಂಯೋಜಕಿ ನೋಡುವುದು ಆ ಕೆಂಪನ್ನೇ. ಮೆಡಲ್ ಗೆರೆಯಲ್ಲಿ ಇನ್ನೂ ಎರಡು ಗಂಟೆ ಕೆಲಸವಿಲ್ಲದೆ ನಿಂತವರಲ್ಲಿ ಇಬ್ಬರನ್ನು ಕರೆದು, ಬೈಕಿನಲ್ಲಿ ಕೂರಿಸಿ ಆ ತಿರುವಿಗೆ ಅಟ್ಟುತ್ತಾಳೆ. ಎಲ್ಲಿ ಜನವಿಲ್ಲ ಎಂಬುದನ್ನು ಹೊತ್ತಿಗೆ ಸರಿಯಾಗಿ ತೋರಿಸುವುದೇ ತಂತ್ರಾಂಶದ ನಿಜವಾದ ಬಲ. ಅಲ್ಲಿಗೆ ಯಾರನ್ನು ಕಳಿಸಬೇಕೆಂಬ ವಿವೇಕ ಮಾತ್ರ ಅವಳದು.

ಆ ಖಾಲಿ ಜಾಗಕ್ಕೆ ಎಷ್ಟು ತೂಕವಿದೆಯೆಂದು ಈ ನಗರಕ್ಕೆ ಗೊತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಗೆಲುವಿನ ಸಂಭ್ರಮದ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಆ ಜನಸಾಗರಕ್ಕೂ ಹೆಸರು ನೋಂದಾಯಿಸಿ ಬರುವ ಓಟಕ್ಕೂ ಹೋಲಿಕೆಯಿಲ್ಲ. ಆದರೂ ಆ ದಿನದ ನಂತರ ಬೆಂಗಳೂರಿನಲ್ಲಿ ಯಾವ ಆಟ ನಡೆಸುವವರೂ ‘ಯಾವ ಗೇಟಿನಲ್ಲಿ ಯಾರಿದ್ದಾರೆ, ಅವರಿಗೆ ಏನು ಹೇಳಿಕೊಟ್ಟಿದ್ದೇವೆ’ ಎಂದು ಕೇಳಿಕೊಳ್ಳದೆ ಬಾಗಿಲು ತೆರೆಯಬಾರದು.

ಈಗ ರಸ್ತೆಗೆ ಬರೋಣ. ಬೀದಿದೀಪದ ಹಳದಿ ಬೆಳಕಿನಲ್ಲಿ ಉಸಿರಿನ ಸದ್ದು, ಶೂಗಳ ಚಪಚಪ. ಎರಡು, ಎರಡೂವರೆ ಕಿ.ಮೀ.ಗೊಂದರಂತೆ ನೀರಿನ ಮೇಜು. ಲೋಟದ ಕಂಠವನ್ನು ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ತೋಳು ಚಾಚಿ ನಿಂತ ಹುಡುಗಿಯರು. ಬಿಗಿಯಾಗಿ ಹಿಡಿದರೆ ಓಡುವವನ ಕೈಗೆ ಸಿಗುವ ಮೊದಲೇ ನೀರು ಚೆಲ್ಲುತ್ತದೆ. ಈ ಸೂಕ್ಷ್ಮವನ್ನು ಆ ಮೇಜಿನ ಕ್ಯಾಪ್ಟನ್ ಎದುರು ನಿಂತು ಮಾಡಿ ತೋರಿಸಿಯೇ ಕಲಿಸಬೇಕು. ಮುಂದೆ ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಮ್ಯಾಟು, ಬಿಬ್ಬಿನ ಬೆನ್ನಿಗಂಟಿದ ಚಿಪ್ಪನ್ನು ಓದಿ ಹೊತ್ತು ಬರೆದುಕೊಳ್ಳುತ್ತದೆ. ಆಚೆ ಫುಟ್‌ಪಾತಿನಲ್ಲಿ ಕೂತವನ ಮೀನಖಂಡಕ್ಕೆ ಸ್ಪ್ರೇ ಹೊಡೆದು, ‘ಸಾರ್, ಎದ್ದೇಳ್ಬೇಡಿ, ಇನ್ನೊಂದ್ನಿಮ್ಷ’ ಎನ್ನುವ ನರ್ಸಿಂಗ್ ವಿದ್ಯಾರ್ಥಿ.

ಎಲ್ಲಕ್ಕಿಂತ ಕಷ್ಟದ ಜಾಗ ಅಡ್ಡರಸ್ತೆಯ ಬ್ಯಾರಿಕೇಡು. ಪೊಲೀಸರ ಜೊತೆ ಇಲ್ಲಿ ನಿಲ್ಲುವ ಮಾರ್ಷಲ್‌ಗೆ ಎದುರಾಗುವವರು ಬೇರೆಯೇ ಜನ. ಹಾಲಿನ ವ್ಯಾನಿನವನು, ನಲ್ಲೂರಹಳ್ಳಿಯ ಮನೆಗೆ ಹೊರಟ ಆಟೊದವನು, ಇನ್ನೊಂದು ಟ್ರಿಪ್ಪು ತಪ್ಪಿದರೆ ದಿನದ ಲೆಕ್ಕ ಕೂಡದ ಕ್ಯಾಬಿನವನು. ಹೊಡೆದ ಹಾರ್ನಿಗೆ ಬೆಚ್ಚಿ ಇಂಗ್ಲಿಷಿನಲ್ಲಿ ನಿಯಮ ಹೇಳತೊಡಗಿದರೆ ಜಗಳ ಬೆಳೆಯುತ್ತದೆ. ‘ಅಣ್ಣಾ, ಓಡೋರು ಬರ್ತಾ ಇದಾರೆ, ಎರಡ್ ನಿಮ್ಷ ತಡ್ಕೊಳ್ಳಿ. ಅರ್ಜೆಂಟಿದ್ರೆ ಹಿಂದ್ಗಡೆ ರೋಡಲ್ಲಿ ಹೂಡಿಗೆ ಹೋಗ್ಬೋದು’ ಎಂದು ದಾರಿ ತೋರಿಸುವವನಿದ್ದರೆ ಎಂಜಿನ್ ಆಫ್ ಆಗುತ್ತದೆ. ಕೆಲವೊಮ್ಮೆ ಆ ಡ್ರೈವರೇ ಕೆಳಗಿಳಿದು ಚಪ್ಪಾಳೆಯನ್ನೂ ತಟ್ಟುತ್ತಾನೆ. ಅದಕ್ಕಾಗಿಯೇ ಅರ್ಜಿಯಲ್ಲಿ ‘ಯಾವ ಯಾವ ಭಾಷೆ ಬರುತ್ತದೆ’, ‘ಯಾವ ರಸ್ತೆಗಳು ಪರಿಚಯ’ ಎಂಬ ಎರಡು ಕಾಲಂಗಳು ಟೀ ಶರ್ಟಿನ ಅಳತೆಗಿಂತ ಮೇಲೆ ಬರಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಆ ರಸ್ತೆಗಳ ಪರಿಚಯ ಇರುವವರು ಯಾರು? ಹತ್ತು ವರ್ಷದಿಂದ ಅದೇ ಗೇಟು ಕಾಯುವ ಸೆಕ್ಯೂರಿಟಿಯವರು. ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರಗಳಲ್ಲಿ ಹುಟ್ಟಿ ಬೆಳೆದ ಹುಡುಗರು. ಆಟೊ ನಿಲ್ದಾಣದವರು. ಅರ್ಜಿಯ ಕೊಂಡಿ ಕಂಪನಿಗಳ ಇಮೇಲಿನಲ್ಲಿ, ಅಪಾರ್ಟ್‌ಮೆಂಟುಗಳ ಗುಂಪುಗಳಲ್ಲಿ ಸುತ್ತಾಡುವುದರಿಂದ ಇವರ ಹೆಸರು ಪಟ್ಟಿಗೆ ಬರುವುದು ಅಪರೂಪ. ಮೊಬೈಲು ಇವರ ಕೈಯಲ್ಲೂ ಇದೆ. ಓಟಕ್ಕೆ ನಿಲ್ಲುವ ಮನಸ್ಸೂ ಇದ್ದೀತು, ಕರೆಯಬೇಕಷ್ಟೆ. ನಗರದ ಬೇರೆ ಕಡೆಗಳಿಗೂ ಇದೇ ಮಾತು: ಪೀಣ್ಯದ ಶೆಡ್ಡುಗಳಲ್ಲಿ ಲೇತ್ ನಡೆಸುವವರಿಗೆ, ಬೊಮ್ಮಸಂದ್ರದ ಕಾರ್ಖಾನೆಗಳ ಪಾಳಿಯವರಿಗೆ ಹೊತ್ತಿಗೆ ಸರಿಯಾಗಿ ಜಾಗದಲ್ಲಿರುವ ಶಿಸ್ತನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕೊನೆಯ ಓಟಗಾರ ಗೆರೆ ದಾಟುವ ಹೊತ್ತಿಗೆ ಬ್ಯಾರಿಕೇಡುಗಳು ಲಾರಿ ಹತ್ತುತ್ತಿರುತ್ತವೆ. ಉಳಿದ ವಾಲಂಟಿಯರುಗಳು ಬಿದ್ದ ಲೋಟಗಳನ್ನು ಚೀಲಕ್ಕೆ ತುಂಬುತ್ತಾರೆ. ಸ್ವಲ್ಪ ಹೊತ್ತಿಗೆ ಪೌರಕಾರ್ಮಿಕರು ಬರುತ್ತಾರೆ, ಅವರ ಮೇಲೆ ಬೀಳುವ ಹೊರೆ ಅಷ್ಟರಮಟ್ಟಿಗೆ ಹಗುರ. ಸಂಯೋಜಕಿ ಪರದೆ ಮುಚ್ಚುವ ಮೊದಲು ಟಿಪ್ಪಣಿ ಬರೆಯುತ್ತಾಳೆ: ಯಾವ ಮೇಜಿನಲ್ಲಿ ನೀರು ಬೇಗ ಮುಗಿಯಿತು, ಎಲ್ಲಿ ನೆಟ್‌ವರ್ಕ್ ಹೋಗಿ ಹಾಳೆಯ ಪಟ್ಟಿಯೇ ಕೈಹಿಡಿಯಿತು, ಯಾವ ತಿರುವಿಗೆ ಇನ್ನಿಬ್ಬರು ಬೇಕು. ಮುಂದಿನ ವರ್ಷದ ಓಟ ಆ ಸಾಲುಗಳಿಂದಲೇ ಶುರುವಾಗುತ್ತದೆ.

ಆ ಟಿಪ್ಪಣಿಗೆ ಇನ್ನೊಂದು ಸಾಲು ಸೇರಲಿ: ಅರ್ಜಿ ಕನ್ನಡದಲ್ಲೂ ಬೇಕು. 1978ರಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟ ಊರು ಇದು. ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ಕೈಗಳು ಇಲ್ಲಿವೆ. ನಲ್ಲೂರಹಳ್ಳಿಯ ಆಟೊದವನು ತನ್ನ ಭಾಷೆಯಲ್ಲಿ ಹೆಸರು, ಪಾಳಿ, ತಿರುವು ಆರಿಸಿಕೊಳ್ಳುವಂಥ ಒಂದು ಪುಟ ಮಾಡುವುದು ಅವರಿಗೆ ಒಂದು ವಾರಾಂತ್ಯದ ಕೆಲಸ. ಅದನ್ನು ಮಾಡಿದರೆ ಬ್ಯಾರಿಕೇಡಿನ ಆಚೆ ಹಾರ್ನ್ ಹೊಡೆಯುತ್ತಿದ್ದವನೇ ಈಚೆ ಸೀಟಿ ಹಿಡಿದು ನಿಲ್ಲುತ್ತಾನೆ, ಓಟ ಅವನದೂ ಆಗುತ್ತದೆ.