‘ಅಲ್ಲಿ ಲೀಗಲ್’ ಅಂದ ಅಣ್ಣ, ಇಲ್ಲಿ ನಮ್ಮನೆ ವಿಳಾಸ

‘ಲೋ, ಮನೆ ಅಡ್ರೆಸ್ ಕಳಿಸು. ಪಿನ್‌ಕೋಡ್ ಮರೀಬೇಡ.’

ದೊಡ್ಡಮ್ಮನ ಮಗ ಕೆನಡಾದ ಬ್ರಾಂಪ್ಟನ್‌ನಿಂದ ಈ ಮೆಸೇಜ್ ಹಾಕಿದಾಗ ನಾನು ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ದಾಬಸ್‌ಪೇಟೆಯಲ್ಲಿ ಟೀ ಕುಡಿಯುತ್ತಿದ್ದೆ. ಹುಟ್ಟುಹಬ್ಬಕ್ಕೆ ಏನೋ ಕಳಿಸುತ್ತಾನೆ ಅಂತ ಖುಷಿಯಾಯಿತು. ಹಿಂದೆಯೇ ಒಂದು ಫೋಟೊ ಬಂತು. ಚಾಕೊಲೇಟ್ ಡಬ್ಬಗಳ ನಡುವೆ ಬಣ್ಣದ ಪೊಟ್ಟಣ, ಅದರೊಳಗೆ ಮಕ್ಕಳು ತಿನ್ನುವಂಥ ಜೆಲ್ಲಿ ಮಿಠಾಯಿ. ಗಾಂಜಾ ಬೆರೆಸಿದ್ದು.

‘ಇಲ್ಲಿ ಲೀಗಲ್ ಕಣೋ, ಏನೂ ಆಗಲ್ಲ’ ಅಂದ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಗಾಂಜಾ ಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆ ಇದೆ. ಆದರೆ ಯಾರು ಬೇಕಾದರೂ ಮಾರಬಹುದು ಅಂತಲ್ಲ. ಅವನಿರುವ ಒಂಟಾರಿಯೊದಲ್ಲಿ ಕೊಳ್ಳುವವರಿಗೆ 19 ತುಂಬಿರಬೇಕು. ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಳ್ಳಬೇಕು, ಇಲ್ಲವೇ ಸರ್ಕಾರದ್ದೇ ಆನ್‌ಲೈನ್ ಮಳಿಗೆಯಲ್ಲಿ. ಪೊಟ್ಟಣದ ಮೇಲೆ ಅಬಕಾರಿ ಮುದ್ರೆ ಬೇಕು. ತಿನ್ನುವ ಪದಾರ್ಥವಾದರೆ, ನಶೆ ಏರಿಸುವ ಟಿಎಚ್‌ಸಿ ಇಡೀ ಪೊಟ್ಟಣಕ್ಕೆ 10 ಮಿಲಿಗ್ರಾಂ ಮೀರುವಂತಿಲ್ಲ. ನಮ್ಮಲ್ಲಿ ಎಂಎಸ್‌ಐಎಲ್ ಅಂಗಡಿ ಇದೆ ಅಂದ ಮಾತ್ರಕ್ಕೆ ಹಿತ್ತಲಲ್ಲಿ ಕಳ್ಳಭಟ್ಟಿ ಕಾಯಿಸಿ ಮಾರಬಹುದೇ? ಇದೂ ಹಾಗೇ.

ಅಣ್ಣ ತರಿಸಿದ್ದು ಯಾವುದೋ ವೆಬ್‌ಸೈಟಿನಿಂದ. ನೋಡಲು ಸರ್ಕಾರದ್ದೇ ಅನ್ನಿಸುವಷ್ಟು ಚೊಕ್ಕವಾಗಿದೆ, ಮೇಪಲ್ ಎಲೆ ಬೇರೆ. ದುಡ್ಡು ಬ್ಯಾಂಕ್ ಖಾತೆಯಿಂದ ಹೋಗುತ್ತದೆ, ಮಾಲು ಅಂಚೆಯಲ್ಲಿ ಬರುತ್ತದೆ. ಫೋಟೊ ಹಿಗ್ಗಿಸಿ ನೋಡಿದೆ. ಅಬಕಾರಿ ಮುದ್ರೆ ಇಲ್ಲ, ತಯಾರಿಸಿದವರ ವಿಳಾಸ ಇಲ್ಲ. ‘500 ಎಂಜಿ’ ಅಂತ ಮಾತ್ರ ದಪ್ಪ ಅಕ್ಷರದಲ್ಲಿತ್ತು.

‘ಅಂಗಡಿಗಿಂತ ಅಗ್ಗ’ ಅಂದ. ಅದು ನನಗೆ ಅರ್ಥವಾಗುತ್ತದೆ. ಕಾಲೇಜು ನಡೆಯುವಾಗ ವಿದೇಶಿ ವಿದ್ಯಾರ್ಥಿ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. ಅದರಲ್ಲೇ ಬಾಡಿಗೆ, ಊಟ ಎಲ್ಲ ಆಗಬೇಕು.

ಆದರೆ ಆ ಪೊಟ್ಟಣ ಗಡಿ ದಾಟಿದರೆ ಕಥೆಯೇ ಬೇರೆ. ಗಾಂಜಾವನ್ನು ದೇಶದ ಹೊರಗೆ ಕಳಿಸುವುದು ಕೆನಡಾದ ಕಾನೂನಿನಲ್ಲೇ ಅಪರಾಧ, 14 ವರ್ಷದವರೆಗೆ ಜೈಲು ವಿಧಿಸಬಹುದು. ಇತ್ತ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ವಿದೇಶಿ ಅಂಚೆ ಕಚೇರಿ ಇದೆ. ಅಲ್ಲಿ ಕಸ್ಟಮ್ಸ್‌ನವರು ಕೂತಿರುತ್ತಾರೆ. ಸಿಸಿಬಿ ಪೊಲೀಸರು ಮಾದಕ ವಸ್ತು ತುಂಬಿದ ಪಾರ್ಸೆಲ್‌ಗಳನ್ನು ಹಿಡಿದದ್ದೂ ಅಲ್ಲೇ. ಅಣ್ಣನ ಪೊಟ್ಟಣ ಸಿಕ್ಕಿಬಿದ್ದರೆ ಮೇಲಿರುವುದು ಯಾರ ಹೆಸರು? ನನ್ನದು.

ನಮ್ಮ ದೇಶದ ಎನ್‌ಡಿಪಿಎಸ್ ಕಾಯ್ದೆ 1985ರದು. ಸಣ್ಣ ಪ್ರಮಾಣವಾದರೂ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಾಲು ಸಿಕ್ಕವನಿಗೆ ಅದರ ಅರಿವಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ, ಗೊತ್ತಿರಲಿಲ್ಲ ಅಂತ ಸಾಬೀತು ಮಾಡುವ ಹೊಣೆ ಅವನದೇ. ಬೆರಕೆ ವಸ್ತುವಾದರೆ ಪೂರ್ತಿ ತೂಕ ಲೆಕ್ಕಕ್ಕೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಂದರೆ ಮಿಠಾಯಿಯ ಸಕ್ಕರೆಗೂ ತೂಕ!

ಅಣ್ಣ ಬಿಡಲಿಲ್ಲ. ‘ಭಂಗಿ ತಪ್ಪಲ್ಲ ಅಂತ ನಿಮ್ಮ ಹೈಕೋರ್ಟೇ ಹೇಳಿದೆ’ ಅಂದ. ಹೇಳಿದ್ದು ಹೌದು, 2022ರಲ್ಲಿ, ಒಂದು ಜಾಮೀನು ಆದೇಶದಲ್ಲಿ. ಅದು ಎಲೆಯಿಂದ ಮಾಡುವ ಭಂಗಿಯ ಮಾತು. ಹೂವಿಗೂ ಅದರ ಸಾರಕ್ಕೂ ಆ ರಿಯಾಯಿತಿ ಇಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ‘ಹೈಡ್ರೋ ಗಾಂಜಾ’ ಜೊತೆ ಸಿಕ್ಕಿಬೀಳುವವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ನೋಡುತ್ತೀರಲ್ಲ, ಅವರಲ್ಲಿ ಹಲವರು ಬಂದಿಳಿಯುವುದು ಥಾಯ್ಲೆಂಡಿನಿಂದ. ಅಲ್ಲಿ 2022ರಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದಿದ್ದರು. ಆ ಸಡಿಲಿಕೆ ವಿಮಾನ ಹತ್ತಿ ಇಲ್ಲಿಗೆ ಬರಲಿಲ್ಲ.

ಅಡ್ರೆಸ್ ಕಳಿಸಲಿಲ್ಲ. ‘ಹಳ್ಳಿ ಗುಗ್ಗು’ ಅಂತ ಬೈದು ಮಾತು ಬಿಟ್ಟ. ದಾಬಸ್‌ಪೇಟೆಯಲ್ಲಿ ಇರುವವನು ಗುಗ್ಗು, ಬ್ರಾಂಪ್ಟನ್‌ಗೆ ಹೋದವನು ಜಾಣ! ನಿಜ ಹೇಳಬೇಕೆಂದರೆ ನನಗೂ ರುಚಿ ನೋಡುವ ಕುತೂಹಲ ಇತ್ತು. ತಡೆದದ್ದು ಕಾನೂನಲ್ಲ, ನಮ್ಮ ಪೋಸ್ಟ್‌ಮ್ಯಾನ್. ಪಾರ್ಸೆಲ್ ಬಂದರೆ ಅವರು ಮೊದಲು ಕೂಗುವುದೇ ಅಪ್ಪನನ್ನು.

ಮೂರು ವಾರದ ಮೇಲೆ ನಸುಕಿನಲ್ಲಿ ಅವನೇ ಫೋನ್ ಮಾಡಿದ. ದನಿ ನಡುಗುತ್ತಿತ್ತು. ಅದೇ ಪೊಟ್ಟಣದಿಂದ ಒಂದು ತಿಂದಿದ್ದಾನೆ. ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲ. ಡೂಪ್ಲಿಕೇಟ್ ಇರಬೇಕು ಅಂತ ಇನ್ನೆರಡು ತಿಂದ. ಹೊಟ್ಟೆಗೆ ಹೋದ ಗಾಂಜಾ ಕೆಲಸ ಶುರುಮಾಡಲು ಎರಡು ಗಂಟೆಯೂ ಹಿಡಿಯಬಹುದು ಅನ್ನುವುದನ್ನು ಅವನಿಗೆ ಹೇಳುವವರು ಯಾರು? ಆಮೇಲೆ ವಾಂತಿ, ಎದೆ ಡವಡವ, ಸತ್ತೇಹೋಗುತ್ತೇನೆ ಅನ್ನುವ ಭಯ. ರೂಮ್‌ಮೇಟ್ ಆಂಬುಲೆನ್ಸ್ ಕರೆಸಿದ. ‘ಏನು ತಿಂದೆ, ಎಷ್ಟು ತಿಂದೆ’ ಅಂತ ಡಾಕ್ಟರ್ ಕೇಳಿದರೆ ಇವನ ಹತ್ತಿರ ಉತ್ತರವಿಲ್ಲ. ಒಂದೊಂದು ಮಿಠಾಯಿಯಲ್ಲಿ ಎಷ್ಟಿತ್ತೋ ಮಾಡಿದವನಿಗೇ ಗೊತ್ತಿರಲಿಕ್ಕಿಲ್ಲ. ವೆಬ್‌ಸೈಟಿಗೆ ಮೇಲ್ ಹಾಕಿದ್ದಾನೆ, ಉತ್ತರ ಬಂದಿಲ್ಲ.

‘ಅಮ್ಮಂಗೆ ಹೇಳ್ಬೇಡ ಕಣೋ’ ಅಂದ. ಅವನನ್ನು ಕಳಿಸಲು ದೊಡ್ಡಪ್ಪ ತೋಟದ ಮೇಲೆ ಸಾಲ ಎತ್ತಿದ್ದಾರೆ. ನಾನು ಹೇಳಿಲ್ಲ. ಸರಿಯೋ ತಪ್ಪೋ ಇನ್ನೂ ಗೊತ್ತಾಗುತ್ತಿಲ್ಲ.

ಹೊಟ್ಟೆ ಕೆಟ್ಟಿತ್ತು ಅಂತಷ್ಟೇ ದೊಡ್ಡಮ್ಮನಿಗೆ ಗೊತ್ತು. ಹೊರಗಿನ ಊಟದ್ದೇ ತಪ್ಪು ಅಂತ ತೀರ್ಮಾನಿಸಿ, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ಭಾನುವಾರ ನಮ್ಮ ಮನೆಗೆ ಬಂದಿದ್ದರು. ‘ಇದರ ಮೇಲೆ ಅವನ ಅಡ್ರೆಸ್ ಬರಿಯಪ್ಪ. ಒಳಗೇನಿದೆ ಅಂತಲೂ ಬರೀಬೇಕಂತೆ, ಒಂದೂ ಬಿಡದೆ ಬರಿ’ ಅಂದರು.