ಧಾರವಾಡದ ಬಸ್ಸು ಹತ್ತುವ ಮುನ್ನ: ರಾಜ್ಯಶಾಸ್ತ್ರ ಓದಲು ಹೊರಟವರಿಗೆ

ಪಿಯುಸಿ ಫಲಿತಾಂಶ ಬಂದ ವಾರ ಶಿರಸಿ ಸೀಮೆಯ ಜಗಲಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ತಂಗಿ, ರಾಜ್ಯಶಾಸ್ತ್ರ ಓದಿ ಎಂತ ಮಾಡ್ತೆ?” ಕೇಳುವವರು ಅಜ್ಜನೋ ದೊಡ್ಡಪ್ಪನೋ ಆಗಿರುತ್ತಾರೆ. ಮಾತಿನಲ್ಲಿ ಅಕ್ಕರೆಯೂ ಇದೆ, ಮುಂದೇನು ಎಂಬ ಆತಂಕವೂ ಇದೆ. ಅದೇ ಅಜ್ಜ ಬೆಳಗಿನ ಚಹಾದ ಹೊತ್ತಿಗೆ ಅಡಕೆ ಆಮದು, ಅತಿಕ್ರಮಣ ಜಮೀನಿನ ಹಕ್ಕುಪತ್ರ, ಸೊಸೈಟಿ ಚುನಾವಣೆ ಮೂರನ್ನೂ ಬಿಡಿಸಿ ಬಿಡಿಸಿ ಮಾತಾಡಿರುತ್ತಾರೆ. ಅವರು ಆಡಿದ್ದೆಲ್ಲ ರಾಜ್ಯಶಾಸ್ತ್ರದ ವಿಷಯವೇ.

ಆ ಮಾತುಗಳನ್ನು ಪ್ರಶ್ನೆಗಳಾಗಿ ಕಟ್ಟಿಕೊಳ್ಳಲು ಕಲಿಯುವುದೇ ಈ ಓದಿಗೆ ಮಾಡಿಕೊಳ್ಳಬೇಕಾದ ನಿಜವಾದ ತಯಾರಿ. ನಾಲ್ಕು ಪ್ರಶ್ನೆ ಸಾಕು. ಈ ನಿರ್ಧಾರ ಯಾರದು? ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು? ಲಾಭ ಯಾರಿಗೆ, ಹೊರೆ ಯಾರಿಗೆ? ಒಪ್ಪದವನು ಎಲ್ಲಿಗೆ ಹೋಗಿ ಕೇಳಬೇಕು?

ನಕ್ಷೆ ಬಿಡಿಸಿ

ಮೊದಲು ನಿಮ್ಮ ಮತ ಎಲ್ಲಿಗೆ ಹೋಗುತ್ತದೆಂದು ನೋಡಿ. ಶಿರಸಿ ವಿಧಾನಸಭಾ ಕ್ಷೇತ್ರದಲ್ಲಿ ಸಿದ್ದಾಪುರವೂ ಸೇರಿದೆ. ಯಲ್ಲಾಪುರ ಕ್ಷೇತ್ರದಲ್ಲಿ ಮುಂಡಗೋಡವಿದೆ, ಶಿರಸಿ ತಾಲೂಕಿನ ಬನವಾಸಿ ಭಾಗವೂ ಇದೆ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರವು ಜಿಲ್ಲೆಯ 6 ವಿಧಾನಸಭಾ ಕ್ಷೇತ್ರಗಳ ಜತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳನ್ನೂ ಒಳಗೊಂಡಿದೆ. ತಾಲೂಕಿನ ಗಡಿ ಒಂದು, ಕ್ಷೇತ್ರದ ಗಡಿ ಇನ್ನೊಂದು ಏಕೆ? ಉತ್ತರ ಹುಡುಕುತ್ತ ಹೋದರೆ ಕ್ಷೇತ್ರ ಪುನರ್ವಿಂಗಡಣೆಯ ಪಾಠಕ್ಕೆ ಬರುತ್ತೀರಿ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು ಎಂಬುದನ್ನು ನೆನೆದರೆ ಭಾಷಾವಾರು ಪ್ರಾಂತ್ಯ ರಚನೆಯ ಅಧ್ಯಾಯವೂ ಮನೆಯದೇ ಕತೆ.

ಗ್ರಾಮಸಭೆಯಲ್ಲಿ ಒಂದು ದಿನ

ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜತೆಗಿಟ್ಟುಕೊಂಡು ಅವರ ಸರ್ಕಾರ ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗೂ ಅಧಿಕಾರ ಇಳಿಸಿತು, ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಡಿ ಚುನಾವಣೆ ನಡೆಯಿತು. ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರ ಏಪ್ರಿಲ್ 24ರಂದು.

ಇದನ್ನು ಪುಸ್ತಕದಲ್ಲಿ ಓದಿದ ಮೇಲೆ ನಿಮ್ಮೂರ ಗ್ರಾಮಸಭೆಗೆ ಹೋಗಿ ಕುಳಿತುಕೊಳ್ಳಿ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಹಾಜರಿ ಪುಸ್ತಕದಲ್ಲಿ ಎಷ್ಟು ಸಹಿ ಬಿದ್ದಿವೆ ನೋಡಿ. ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ಹಿಂದಿನ ಸಭೆಯ ನಡಾವಳಿ ಓದುವಾಗ ಕಿವಿಗೊಡಿ. ಕಾಲುಸಂಕ ಕೇಳಿದ ಕೇರಿಗೆ ಏನು ಉತ್ತರ ಸಿಕ್ಕಿತು? ಬೀದಿದೀಪಕ್ಕೆ ಮೊದಲ ಪಾಳಿ ಯಾರಿಗೆ? ಮುಂದಿನ ಸಾಲಿನ ಕುರ್ಚಿಯಲ್ಲಿ ಯಾರು, ಬಾಗಿಲ ಬಳಿ ನಿಂತೇ ಇದ್ದವರು ಯಾರು, ಬಾಯಿಬಿಡದೆ ಮನೆಗೆ ಹೋದವರು ಯಾರು? ಆ ಸಂಜೆ ಎರಡು ಪುಟ ಬರೆದಿಡಿ. ಅಧಿಕಾರ ಎಂಬ ಪದದ ಅರ್ಥವನ್ನು ಕಣ್ಣಾರೆ ಕಂಡವರ ಬರಹ ಅದಾಗುತ್ತದೆ.

ಒಂದು ರಾಜೀನಾಮೆ, ಒಂದು ತೀರ್ಪು

2019ರಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ರಾಜೀನಾಮೆ ಕೊಟ್ಟಿದ್ದ ಯಲ್ಲಾಪುರದ ಶಿವರಾಮ ಹೆಬ್ಬಾರ್ ಒಬ್ಬರು. ಸುಪ್ರೀಂ ಕೋರ್ಟ್ ಆ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಕೂಡದು ಎಂದು ಸಭಾಧ್ಯಕ್ಷರು ಹಾಕಿದ್ದ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರು ಬೇರೆ ಪಕ್ಷದಿಂದ ನಿಂತು ಗೆದ್ದರು. ಅನರ್ಹತೆಯ ಆದೇಶದ ನಂತರ, ಅದೇ ವರ್ಷದ ಜುಲೈ ಕೊನೆಗೆ, ಸಭಾಧ್ಯಕ್ಷರ ಪೀಠ ಪಕ್ಕದ ಶಿರಸಿಯ ಆಗಿನ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ ಬಂದಿತ್ತು.

ಯಾರ ಕಡೆ ಸರಿ ಎಂದು ಕಟ್ಟೆಯ ಮೇಲೆ ವಾದಿಸಿ ಎದ್ದುಹೋಗಬಹುದು. ವಿದ್ಯಾರ್ಥಿ ಅಲ್ಲಿಗೆ ನಿಲ್ಲಬಾರದು. 1985ರಲ್ಲಿ ಸೇರಿದ ಸಂವಿಧಾನದ ಹತ್ತನೇ ಅನುಸೂಚಿಯನ್ನು ಮೂಲದಲ್ಲೇ ಓದಬೇಕು. ಶಾಸಕ ಬದ್ಧನಾಗಿರಬೇಕಾದ್ದು ಪಕ್ಷಕ್ಕೋ ಮತದಾರನಿಗೋ? ಸಭಾಧ್ಯಕ್ಷರ ಅಧಿಕಾರದ ಎಲ್ಲೆ ಯಾವುದು? ಈ ಪ್ರಶ್ನೆಗಳನ್ನು ಹೊತ್ತುಕೊಂಡು ತರಗತಿಗೆ ಹೋದವರಿಗೆ ಪಾಠ ಹಗುರವಾಗುತ್ತದೆ.

ಜನ ಎದ್ದುನಿಂತ ನೆಲ

ಅಧಿಕಾರ ಇಲ್ಲದವರು ಏನು ಮಾಡಬಹುದು ಎಂಬುದಕ್ಕೂ ಈ ನೆಲದಲ್ಲಿ ಉತ್ತರಗಳಿವೆ. 1930ರ ದಶಕದ ಕರನಿರಾಕರಣೆಯಲ್ಲಿ ಸರ್ಕಾರ ಜಪ್ತಿ ಮಾಡಿದ ಆಸ್ತಿಯನ್ನು ಕೊಂಡವರ ಮನೆಯೆದುರು ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯ ಸತ್ಯಾಗ್ರಹ ಅದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರ ಅಪ್ಪಿದರು, ಅಪ್ಪಿಕೊ ಚಳವಳಿ ಹುಟ್ಟಿತು. 2003ರಲ್ಲಿ ಈ ಜಿಲ್ಲೆಯ ಸಿದ್ದಿ ಸಮುದಾಯದವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಪ್ರತಿರೋಧ, ಪರಿಸರ ರಾಜಕಾರಣ, ಪ್ರಾತಿನಿಧ್ಯ ಎಂಬ ಮೂರು ದೊಡ್ಡ ಪರಿಕಲ್ಪನೆಗಳಿಗೆ ಮೂರು ತಾಲೂಕಿನೊಳಗೇ ಉದಾಹರಣೆ ಸಿಕ್ಕಿತು.

ತಾಳಮದ್ದಲೆಯ ಪಾಠ

ಈ ಓದಿಗೆ ಬೇಕಾದ ಅತಿ ದೊಡ್ಡ ಗುಣವನ್ನು ನಮ್ಮೂರ ತಾಳಮದ್ದಲೆಯೇ ಕಲಿಸುತ್ತದೆ. ವಾಲಿವಧೆ ಪ್ರಸಂಗದಲ್ಲಿ ಬಾಣ ತಿಂದ ವಾಲಿ ರಾಮನನ್ನು ಕೇಳುತ್ತಾನೆ: ನನ್ನ ನೆಲದಲ್ಲಿ ನನ್ನನ್ನು ದಂಡಿಸಲು ನೀನು ಯಾರು? ಸಾರ್ವಭೌಮತ್ವದ ಪ್ರಶ್ನೆ ಇದೇ. ಇವತ್ತು ವಾಲಿಯಾದ ಅರ್ಥಧಾರಿ ನಾಳೆ ರಾಮನಾಗಿ ಅಷ್ಟೇ ನಿಷ್ಠೆಯಿಂದ ಉತ್ತರ ಕಟ್ಟುತ್ತಾನೆ. ಎರಡೂ ಪಾತ್ರದ ಬಲ ತಿಳಿದವನೇ ಒಳ್ಳೆಯ ಅರ್ಥಧಾರಿ.

ಇದನ್ನು ಬೇಡ್ತಿ ನದಿಯ ವಿವಾದದ ಮೇಲೆ ಪ್ರಯೋಗಿಸಿ ನೋಡಿ. ಯಲ್ಲಾಪುರದ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಘಟ್ಟದ ಮೇಲಿನ ತೋಟಿಗರು ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ ಯೋಜನೆಯ ಲಾಭನಷ್ಟದ ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ಈಗ ಬೇಡ್ತಿ–ವರದಾ ನದಿ ಜೋಡಣೆಯ ಚರ್ಚೆ ಇದೆ. ಶಿರಸಿ, ಯಲ್ಲಾಪುರಗಳಲ್ಲಿ ವಿರೋಧ ಗಟ್ಟಿಯಾಗಿದೆ, ಬಯಲುಸೀಮೆಯಲ್ಲಿ ನೀರಿನ ಬೇಡಿಕೆ ಅಷ್ಟೇ ಗಟ್ಟಿಯಾಗಿದೆ. ಒಂದು ಪುಟದಲ್ಲಿ ನಿಮ್ಮೂರ ತೋಟಿಗನ ವಾದ ಬರೆಯಿರಿ. ಮರುಪುಟದಲ್ಲಿ ಹಾವೇರಿಯ ರೈತನ ವಾದವನ್ನು ಅವನೇ ತಲೆದೂಗುವಂತೆ ಬರೆಯಿರಿ. ಎರಡನೆಯ ಪುಟ ಬರೆಯುವುದು ಕಷ್ಟ. ಆ ಕಷ್ಟವೇ ನಿಮ್ಮನ್ನು ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುತ್ತದೆ.

ಕಾಲೇಜು, ಪುಸ್ತಕ, ಭಾಷೆ

ಬಿ.ಎ. ಸೇರಲು ಪಿಯುಸಿಯಲ್ಲಿ ಕಲಾ ವಿಭಾಗವೇ ಆಗಿರಬೇಕೆಂದಿಲ್ಲ, ವಿಜ್ಞಾನ, ವಾಣಿಜ್ಯ ಓದಿದವರೂ ಬರಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಊರಲ್ಲೇ ಪದವಿ ಮುಗಿಸಿ ಎಂ.ಎ.ಗೆ ಧಾರವಾಡಕ್ಕೆ ಹೋಗುವುದು ಹಳೆಯ, ಒಳ್ಳೆಯ ದಾರಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಕಡೆ ಮನಸ್ಸಿದ್ದರೆ 2022ರಿಂದ ನಡೆಯುತ್ತಿರುವ ಸಿಯುಇಟಿ ಬರೆಯಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಜತೆಯ ವಿಷಯಗಳಾಗಿ ಇತಿಹಾಸವೂ ಅರ್ಥಶಾಸ್ತ್ರವೂ ಇದ್ದರೆ ಓದು ಗಟ್ಟಿಯಾಗುತ್ತದೆ.

ಪುಸ್ತಕದ ವಿಷಯಕ್ಕೆ ಬಂದರೆ, ಮೊದಲು ಸಂವಿಧಾನದ ಕನ್ನಡ ಪ್ರತಿ ಕೊಳ್ಳಿ, ದಿನಕ್ಕೆ ಎರಡೇ ವಿಧಿ ಓದಿ. ಡಿ.ವಿ.ಜಿ. ಅವರ ‘ರಾಜ್ಯಶಾಸ್ತ್ರ’ ಇಂದಿಗೂ ಚಿಂತನೆಗೆ ಭದ್ರ ಬುನಾದಿ. ಇಂಗ್ಲಿಷಿಗೆ ಹೆದರಬೇಡಿ. ನೋಟ್‌ಬುಕ್ಕಿನ ಒಂದು ಬದಿಗೆ ಕನ್ನಡ ಪದ, ಇನ್ನೊಂದು ಬದಿಗೆ ಇಂಗ್ಲಿಷ್ ಪದ, ಕೆಳಗೆ ನಿಮ್ಮೂರಿನ ಒಂದು ಉದಾಹರಣೆ ಬರೆಯುತ್ತ ಬನ್ನಿ. ಉದಾಹರಣೆ ನಿಮ್ಮದಾಗಿದ್ದರೆ ಪದ ಯಾವ ಭಾಷೆಯದಾದರೂ ಮರೆಯುವುದಿಲ್ಲ.

ಅಜ್ಜ ಮತ್ತೆ ಕೇಳಿದರೆ ಉಪನ್ಯಾಸಕ ಹುದ್ದೆ, ಆಡಳಿತ ಸೇವೆ, ವಕೀಲಿಕೆ, ಪತ್ರಿಕೆ ಎಂಬ ಪಟ್ಟಿ ಕೊಡಿ. ಅದು ಸುಳ್ಳಲ್ಲ. ಅದಕ್ಕೂ ಮೊದಲು ಮುಂದಿನ ಗ್ರಾಮಸಭೆಯ ತಾರೀಖು ಯಾವಾಗೆಂದು ಅವರನ್ನು ಕೇಳಿ, ಕೈಹಿಡಿದು ಜತೆಯಲ್ಲೇ ಕರೆದುಕೊಂಡು ಹೋಗಿ.