ಸಕ್ಕರಿ ಬ್ಯಾನಿ ಇದ್ದರೂ ದುಡಿಯಬಹುದು, ಆದರೆ ಮುಚ್ಚಿಡಬ್ಯಾಡ್ರಿ



ಸೇಡಂ, ಚಿಂಚೋಳಿ ಕಡೆ ತೊಗರಿ ಹೊಲದಾಗ ಕಸ ತೆಗೆಯುವವರು, ಶಹಾಬಾದದ ಗಣಿಗಳಲ್ಲಿ ಫರಸಿ ಕಲ್ಲು ಹೊರುವವರು, ವಾಡಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರು, ಚಿತ್ತಾಪುರದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವರು, ಹೀಗೆ ನಮ್ಮ ಸಂಘಗಳಲ್ಲಿ ಎಲ್ಲರೂ ದುಡಿಯುವವರೇ. ಇವರಲ್ಲಿ ಮಧುಮೇಹ, ಅಂದರೆ ಸಕ್ಕರಿ ಬ್ಯಾನಿ ಇರುವವರೂ ಇದ್ದಾರೆ. "ಮುಕಾದಮಗ ಗೊತ್ತಾದ್ರ ನಾಳೆ ಕೆಲಸಕ್ಕ ಕರೆಯಂಗಿಲ್ಲ" ಎಂದು ಹೆದರಿ ಕೆಲವರು ಯಾರಿಗೂ ಹೇಳುವುದಿಲ್ಲ. ಹೆದರಿಕೆ ಸಹಜ. ಆದರೆ ಹೀಗೆ ಮುಚ್ಚಿಡುವುದು ಜೀವಕ್ಕೇ ಅಪಾಯ. ಹೇಗೆ ಎಂದು ನೋಡೋಣ.

ಬಿಸಿಲೋ, ಸಕ್ಕರೆಯೋ?

ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದು, ತಾನು ಬರೀ ಚಹಾ ಕುಡಿದು, ಗುಳಿಗೆ ನುಂಗಿ ಕೂಲಿಗೆ ಹೊರಡುವ ತಾಯಿಯನ್ನು ನೆನೆಸಿಕೊಳ್ಳಿ. ಬುತ್ತಿ ಬಿಚ್ಚುವುದು ಮಧ್ಯಾಹ್ನಕ್ಕೆ. ಅದಕ್ಕೂ ಮುಂಚೆಯೇ ಆಕೆಯ ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಾತು ತೊದಲುತ್ತದೆ. ಪಕ್ಕದವರು "ಬಿಸಲು ಬಡದದ" ಎಂದು ನೆರಳಿಗೆ ಕೂಡಿಸಿ ನೀರು ಕೊಡುತ್ತಾರೆ. ಆದರೆ ಅವಳ ರಕ್ತದಲ್ಲಿ ಸಕ್ಕರೆ ಇಳಿದಿದೆ. ಬರೀ ನೀರಿನಿಂದ ಅದು ಏರುವುದಿಲ್ಲ.

"ಸಕ್ಕರೆ ಹೆಚ್ಚಾಗೋದೇ ಈ ರೋಗ ಅಲ್ಲೇನು, ಕಡಿಮೆ ಹ್ಯಾಂಗಾಗ್ತದ?" ಎಂದು ನೀವು ಕೇಳಬಹುದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಗಳು ಮತ್ತು ಇನ್ಸುಲಿನ್ ಸೂಜಿಮದ್ದು ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಮೈಮುರಿದು ದುಡಿದಾಗ ಸ್ನಾಯುಗಳೂ ಸಕ್ಕರೆಯನ್ನು ಬಳಸುತ್ತವೆ. ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೆ ಸಕ್ಕರೆ ಒಮ್ಮೆಲೇ ಕುಸಿಯುತ್ತದೆ. 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ನಿಮ್ಮ ಗುಳಿಗೆ ಯಾವುದು ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿರಿ.

ಆಗ ಏನು ಮಾಡಬೇಕು?

1. ತಕ್ಷಣ ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ.

2. 15 ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಿರಿ. ಚೇತರಿಸಿಕೊಂಡ ಮೇಲೆ ರೊಟ್ಟಿಯೋ ಅನ್ನವೋ ತಿನ್ನಿರಿ.

3. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿರಿ.

ಬಿಸಿಲೋ, ಸಕ್ಕರೆ ಇಳಿದದ್ದೋ ಗೊತ್ತಾಗದಿದ್ದರೆ, ಎಚ್ಚರ ಇರುವವರಿಗೆ ಸಕ್ಕರೆ ನೀರು ಕೊಡುವುದೇ ಸರಿ. ಒಂದು ಸಲ ಸಕ್ಕರೆ ಸ್ವಲ್ಪ ಏರಿದರೆ ದೊಡ್ಡ ಹಾನಿ ಇಲ್ಲ, ಇಳಿದದ್ದನ್ನು ಹಾಗೇ ಬಿಟ್ಟರೆ ಜೀವ ಹೋಗಬಹುದು. ಅದಕ್ಕೇ ಸೆರಗಿನ ಗಂಟಿನಲ್ಲಿ ದುಡ್ಡಿನ ಜೊತೆ ಒಂದು ಸಕ್ಕರೆ ಪೊಟ್ಟಣವೂ ಇರಲಿ.

ಕೆಲಸದ ದಿನ ನೆನಪಿಡಬೇಕಾದದ್ದು

ಊಟ: ಗುಳಿಗೆ ನುಂಗಿ ಉಪವಾಸ ಹೋಗಬೇಡಿ. ಒಂದು ರೊಟ್ಟಿ, ಪಲ್ಯ ತಿಂದೇ ಹೊರಡಿರಿ. ಜೋಳದ ರೊಟ್ಟಿ ಒಳ್ಳೆಯದು, ಆದರೆ ಅದೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ರೊಟ್ಟಿಗೆ ಮಿತಿ ಇರಲಿ, ತೊಗರಿ ಬೇಳೆ, ಕಾಳು, ಸೊಪ್ಪು ಹೆಚ್ಚಿರಲಿ. ದಿನಕ್ಕೆ ಐದಾರು ಸಲ ಸಕ್ಕರೆ ಹಾಕಿದ ಚಹಾ ಬೇಡ. ಶ್ರಾವಣ, ರಂಜಾನ್, ತಪಸ್ಸುಕಾಲದ ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿರಿ.

ನೀರು: ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲವೆಂದು ನಮ್ಮ ಹೆಣ್ಣುಮಕ್ಕಳು ನೀರೇ ಕುಡಿಯುವುದಿಲ್ಲ. ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಕ್ಕರೆ ಹೆಚ್ಚಿದ್ದಾಗ ಮೂತ್ರದಲ್ಲಿ ನೀರು ಹೊರಗೆ ಹೋಗಿ ದೇಹ ಒಣಗುತ್ತದೆ, ಉರಿಮೂತ್ರವೂ ಬರುತ್ತದೆ. ಶೌಚಾಲಯ ಬೇಕೆಂದು ಒಬ್ಬಳು ಕೇಳುವುದು ಕಷ್ಟ, ಹತ್ತು ಜನ ಕೂಡಿ ಕೇಳಿರಿ.

ಕಾಲು: ಈ ರೋಗದಲ್ಲಿ ಪಾದಗಳು ಜೋಮು ಹಿಡಿಯಬಹುದು. ಕಲ್ಲಿನ ಚೂರು ಚುಚ್ಚಿದರೂ, ಕಾದ ಫರಸಿ ಸುಟ್ಟರೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹೋಗಬೇಡಿ. ದಿನಾ ಸಂಜೆ ಕಾಲು ತೊಳೆದು, ಒರೆಸಿ, ಅಂಗಾಲು ನೋಡಿರಿ. ಕಣ್ಣು ಮಂಜಾದವರು ಮಕ್ಕಳಿಂದ ನೋಡಿಸಿರಿ. ಸಣ್ಣ ಗಾಯವಾದರೂ ಆಸ್ಪತ್ರೆಗೆ ತೋರಿಸಿರಿ.

ಇನ್ಸುಲಿನ್: ಬಿಸಿಲಲ್ಲಿ ಇಟ್ಟರೆ ಅದರ ಶಕ್ತಿ ಹೋಗುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮಣ್ಣಿನ ಗಡಿಗೆಯಲ್ಲಿ ನೆರಳಿಗಿಡಿ.

ಸಂಘದ ಕೆಲಸ ಏನು?

30 ವರ್ಷ ದಾಟಿದವರೆಲ್ಲ ಸಕ್ಕರೆ ಮತ್ತು ಬಿಪಿ ಪರೀಕ್ಷೆ ಮಾಡಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ದುಡ್ಡಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ ರೋಗ ಇದೆಯೋ ಇಲ್ಲವೋ ಹೇಳುತ್ತಾರೆ. "ಬೇರು ತಿಂದ್ರ ಪೂರಾ ಹೋಗ್ತದ" ಎನ್ನುವವರ ಮಾತು ಕೇಳಿ ಸಂಘದ ಸಾಲ ಎತ್ತಬೇಡಿ, ಗುಳಿಗೆ ಬಿಡಬೇಡಿ.

ಮುಕಾದಮನಿಗೆ ಹೇಳಲು ಹೆದರಿಕೆ ಇದ್ದರೆ, ಮೊದಲು ಜೊತೆಗೆ ದುಡಿಯುವ ಇಬ್ಬರು ಗೆಳತಿಯರಿಗಾದರೂ ಹೇಳಿರಿ. ಕೈ ನಡುಗಿದಾಗ ಏನು ಕೊಡಬೇಕೆಂದು ಅವರಿಗೆ ಗೊತ್ತಿರಬೇಕು. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಹಾಳೆಯನ್ನು ಒಬ್ಬರು ಗಟ್ಟಿಯಾಗಿ ಓದಲಿ. ಓದಿ ಮುಗಿಸಿ, "ನಮ್ಮೊಳಗ ಸಕ್ಕರಿ ಬ್ಯಾನಿ ಯಾರಿಗದ?" ಎಂದು ಪ್ರೀತಿಯಿಂದ ಕೇಳಿರಿ.